ಮ್ಯಾಕ್ಸ್ ಬಾರ್ನ್

ಮ್ಯಾಕ್ಸ್ ಬಾರ್ನ್ (11 ಡಿಸೆಂಬರ್ 1882 – 5 ಜನವರಿ 1970) ಜರ್ಮನಿಯಲ್ಲಿ ಜನಿಸಿ ಮುಂದೆ ಬ್ರಿಟಿಷ್ ಪೌರತ್ವ ಪಡೆದ ಭೌತವಿಜ್ಞಾನಿ ಹಾಗೂ ಗಣಿತಜ್ಞ. ಕ್ವಾಂಟಮ್ ಮೆಕಾನಿಕ್ಸ್‌ನ ಸ್ಥಾಪಕರಲ್ಲಿ ಇವರೂ ಒಬ್ಬರು. ಪರಮಾಣು ಪ್ರಪಂಚದ ಸಮೀಕರಣಗಳು ಘಟನೆಗಳನ್ನಲ್ಲ, ಘಟನೆಗಳ ಸಂಭವನೀಯತೆಯನ್ನು ತಿಳಿಸುತ್ತವೆ ಎಂದು ಇವರು 1926ರಲ್ಲಿ ಪ್ರತಿಪಾದಿಸಿದರು. ಬಾರ್ನ್ ನಿಯಮ ಎಂದು ಹೆಸರಾದ ಈ ತತ್ತ್ವವೇ ಕ್ವಾಂಟಮ್ ಗಣನೆಗಳನ್ನು ಪ್ರಯೋಗದ ಫಲಿತಾಂಶಗಳೊಂದಿಗೆ ಜೋಡಿಸುವ ಕೊಂಡಿ. ಇದಕ್ಕಾಗಿ ಅವರಿಗೆ 1954ರಲ್ಲಿ, ಅಂದರೆ 28 ವರ್ಷಗಳ ಅನಂತರ, ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ನಾಜಿ ಆಡಳಿತದಿಂದಾಗಿ ದೇಶ ಬಿಟ್ಟ ಬಾರ್ನ್ 1935–36ರಲ್ಲಿ ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಕಾಲ ಕಾರ್ಯನಿರ್ವಹಿಸಿದ್ದರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬಾರ್ನ್ ಅವರ ಜನ್ಮಸ್ಥಳ ಆಗಿನ ಜರ್ಮನ್ ಸಾಮ್ರಾಜ್ಯದ ಬ್ರೆಸ್ಲಾವ್ ನಗರ. ಇದು ಈಗ ಪೋಲೆಂಡ್ ದೇಶದಲ್ಲಿದ್ದು, ವ್ರೋಟ್ಸ್‌ವಾಫ್ ಎಂಬ ಹೆಸರನ್ನು ಹೊಂದಿದೆ. ಅವರದು ಯಹೂದಿ ಕುಟುಂಬ. ತಂದೆ ಗುಸ್ತಾವ್ ಬಾರ್ನ್ ಬ್ರೆಸ್ಲಾವ್ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರಜ್ಞರೂ ಭ್ರೂಣಶಾಸ್ತ್ರಜ್ಞರೂ ಆಗಿದ್ದರು. ತಾಯಿ ಮಾರ್ಗರೆಟ್ ಕೌಫ್‌ಮನ್ ಕೈಗಾರಿಕೋದ್ಯಮಿಗಳ ಮನೆತನದವರು. ಮ್ಯಾಕ್ಸ್‌ಗೆ ನಾಲ್ಕು ವರ್ಷವೂ ತುಂಬುವ ಮೊದಲೇ ತಾಯಿ ತೀರಿಕೊಂಡರು.

1901ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾಲಯ ಸೇರಿದ ಬಾರ್ನ್, ಆಗಿನ ಜರ್ಮನ್ ವಿದ್ಯಾರ್ಥಿಗಳ ರೂಢಿಯಂತೆ ಹೈಡಲ್‌ಬರ್ಗ್ ಮತ್ತು ಜ್ಯೂರಿಕ್ ವಿಶ್ವವಿದ್ಯಾಲಯಗಳಲ್ಲಿಯೂ ಕೆಲವು ತಿಂಗಳು ಕಲಿತರು. ಬ್ರೆಸ್ಲಾವ್‌ನಲ್ಲಿ ಯಾಕೊಬ್ ರೋಸಾನೆಸ್ ಅವರ ಉಪನ್ಯಾಸಗಳಿಂದ ಮಾತೃಕೆಗಳ ಬೀಜಗಣಿತವನ್ನು ಅರಿತುಕೊಂಡರು. ಆ ಕಾಲದ ಭೌತವಿಜ್ಞಾನಿಗಳಿಗೆ ಮಾತೃಕೆಗಳ ಪರಿಚಯ ವಿರಳವಾಗಿತ್ತು. ಎರಡು ದಶಕಗಳ ಅನಂತರ ಇದೇ ಜ್ಞಾನ ಕ್ವಾಂಟಮ್ ಸಿದ್ಧಾಂತದ ದಿಕ್ಕನ್ನು ನಿರ್ಧರಿಸಿತು.

1904ರಲ್ಲಿ ಅವರು ಗಣಿತದ ಕೇಂದ್ರವಾಗಿದ್ದ ಗೊಟಿಂಗೆನ್‌ಗೆ ಬಂದರು. ಅಲ್ಲಿ ಡೇವಿಡ್ ಹಿಲ್ಬರ್ಟ್, ಫೆಲಿಕ್ಸ್ ಕ್ಲೈನ್ ಮತ್ತು ಹರ್ಮನ್ ಮಿಂಕೋವ್‌ಸ್ಕಿ ಬೋಧಿಸುತ್ತಿದ್ದರು. ಹಿಲ್ಬರ್ಟ್ ಅವರ ಉಪನ್ಯಾಸಗಳನ್ನು ಬರೆದಿಡುವ ಸಹಾಯಕನ ಕೆಲಸ ಬಾರ್ನ್ ಅವರಿಗೆ ದೊರೆಯಿತು. ಬಾಗುವ ತಂತಿ ಮತ್ತು ಪಟ್ಟಿಗಳ ಸ್ಥಿರತೆಯನ್ನು ಕುರಿತ ಪ್ರಬಂಧಕ್ಕೆ ವಿಶ್ವವಿದ್ಯಾಲಯದ ಬಹುಮಾನ ಬಂದಿತು. ಅದರ ಆಧಾರದ ಮೇಲೆ 1907ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು.

ಆರಂಭಿಕ ಸಂಶೋಧನೆ

ಕೇಂಬ್ರಿಜ್‌ನಲ್ಲಿ ಜೆ. ಜೆ. ಥಾಮ್ಸನ್ ಅವರ ಉಪನ್ಯಾಸಗಳನ್ನು ಕೇಳಿ ತವರಿಗೆ ಮರಳಿದ ಬಾರ್ನ್, ಆಲ್ಬರ್ಟ್ ಐನ್‌ಸ್ಟೈನ್ ಅವರ 1905ರ ಲೇಖನವನ್ನು ಓದಿ ಸಾಪೇಕ್ಷತಾ ಸಿದ್ಧಾಂತದ ಅಧ್ಯಯನ ಕೈಗೊಂಡರು. ಈ ಕೆಲಸವನ್ನು ಮೆಚ್ಚಿದ ಮಿಂಕೋವ್‌ಸ್ಕಿ ಅವರನ್ನು ಗೊಟಿಂಗೆನ್‌ಗೆ ಕರೆಸಿಕೊಂಡರು. ಆದರೆ ಕೆಲವೇ ವಾರಗಳಲ್ಲಿ, 1909ರ ಜನವರಿಯಲ್ಲಿ, ಮಿಂಕೋವ್‌ಸ್ಕಿ ಅಕಾಲ ಮರಣಕ್ಕೆ ತುತ್ತಾದರು. ಅದೇ ವರ್ಷ ಬಾರ್ನ್ ಗೊಟಿಂಗೆನ್‌ನಲ್ಲಿ ಬೋಧಿಸುವ ಅರ್ಹತೆಯನ್ನು ಪಡೆದರು.

1912ರಲ್ಲಿ ಥಿಯೋಡರ್ ಫಾನ್ ಕಾರ್ಮನ್ ಅವರೊಡನೆ ಸ್ಫಟಿಕ ಜಾಲಕಗಳ ಕಂಪನವನ್ನು ಕುರಿತ ಸಿದ್ಧಾಂತವನ್ನು ಪ್ರಕಟಿಸಿದರು. ಸ್ಫಟಿಕದಲ್ಲಿ ಪರಮಾಣುಗಳು ಕ್ರಮಬದ್ಧವಾದ ಜಾಲಕದಲ್ಲಿ ನೆಲೆಸಿದ್ದು, ಒಂದಕ್ಕೊಂದು ಹೆಣೆದುಕೊಂಡಂತೆ ಕಂಪಿಸುತ್ತವೆ ಎಂಬುದು ಇದರ ಮೂಲ ಕಲ್ಪನೆ. ಘನವಸ್ತುಗಳ ವಿಶಿಷ್ಟ ಉಷ್ಣವು ಕಡಿಮೆ ತಾಪದಲ್ಲಿ ಏಕೆ ಕುಗ್ಗುತ್ತದೆ ಎಂಬ ಪ್ರಶ್ನೆಗೆ ಇದು ಉತ್ತರ ನೀಡಿತು. ಅದೇ ವರ್ಷ ಪೀಟರ್ ಡಿಬೈ ಇದಕ್ಕಿಂತ ಸರಳವಾದ ಮಾದರಿಯೊಂದನ್ನು ಮಂಡಿಸಿದ್ದರಿಂದ ಹೆಚ್ಚಿನ ಪ್ರಸಿದ್ಧಿ ಅದಕ್ಕೇ ಸಂದಿತು. ಆದರೆ ಇಂದಿನ ಘನಸ್ಥಿತಿ ಭೌತವಿಜ್ಞಾನ ಬಳಸುವುದು ಬಾರ್ನ್ ಮತ್ತು ಕಾರ್ಮನ್ ಅವರ ವಿಧಾನದ ಬೆಳೆದ ರೂಪವನ್ನು.

1913ರಲ್ಲಿ ಅವರು ಹೆಡ್ವಿಗ್ ಎಹ್ರೆನ್‌ಬರ್ಗ್ ಅವರನ್ನು ವಿವಾಹವಾದರು. ಈ ದಂಪತಿಗೆ ಇಬ್ಬರು ಹೆಣ್ಣುಮಕ್ಕಳು ಮತ್ತು ಒಬ್ಬ ಮಗ. ಮಗ ಗುಸ್ತಾವ್ ಮುಂದೆ ಹೆಸರಾಂತ ಔಷಧವಿಜ್ಞಾನಿಯಾದರು. ಗಾಯಕಿ ಒಲಿವಿಯಾ ನ್ಯೂಟನ್-ಜಾನ್ ಹಿರಿಯ ಮಗಳು ಐರೀನ್ ಅವರ ಪುತ್ರಿ.

ಬರ್ಲಿನ್ ಮತ್ತು ಫ್ರಾಂಕ್‌ಫರ್ಟ್

1915ರಲ್ಲಿ ಬಾರ್ನ್ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ನೇಮಕಗೊಂಡು ಮ್ಯಾಕ್ಸ್ ಪ್ಲಾಂಕ್ ಅವರ ಸಹೋದ್ಯೋಗಿಯಾದರು. ಐನ್‌ಸ್ಟೈನ್ ಅವರೊಂದಿಗಿನ ಸ್ನೇಹ ಗಾಢವಾದದ್ದು ಇಲ್ಲಿಯೇ. ಐನ್‌ಸ್ಟೈನ್ ಪಿಟೀಲು ನುಡಿಸಿದರೆ ಬಾರ್ನ್ ಪಿಯಾನೊ ನುಡಿಸುತ್ತಿದ್ದರು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯ ಫಿರಂಗಿ ಪರೀಕ್ಷಾ ವಿಭಾಗದಲ್ಲಿ, ಶಬ್ದದ ನೆರವಿನಿಂದ ಶತ್ರುಗಳ ಫಿರಂಗಿಯ ಸ್ಥಾನವನ್ನು ಪತ್ತೆಹಚ್ಚುವ ಕೆಲಸ ಅವರ ಪಾಲಿಗೆ ಬಂದಿತ್ತು. ಯುದ್ಧದ ಕೊನೆಗೆ ರಸಾಯನವಿಜ್ಞಾನಿ ಫ್ರಿಟ್ಜ್ ಹೇಬರ್ ಅವರೊಡನೆ ನಡೆಸಿದ ಚರ್ಚೆಗಳ ಫಲವಾಗಿ ರೂಪುಗೊಂಡ ಬಾರ್ನ್–ಹೇಬರ್ ಚಕ್ರವನ್ನು ಪದವಿಪೂರ್ವ ರಸಾಯನವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಅಭ್ಯಾಸ ಮಾಡುತ್ತಾರೆ. ಅಡುಗೆ ಉಪ್ಪಿನಂತಹ ಅಯಾನಿಕ ಸ್ಫಟಿಕಗಳ ಜಾಲಕ ಶಕ್ತಿಯನ್ನು ನೇರವಾಗಿ ಅಳೆಯುವುದು ಕಷ್ಟ. ಅಳೆಯಬಹುದಾದ ಬೇರೆ ಹಂತಗಳ ಶಕ್ತಿಗಳನ್ನು ಕೂಡಿ ಕಳೆದು ಅದನ್ನು ಪಡೆಯಲು ಈ ಚಕ್ರ ನೆರವಾಗುತ್ತದೆ.

1919ರಲ್ಲಿ ಫ್ರಾಂಕ್‌ಫರ್ಟ್‌ಗೆ ತೆರಳಿದ ಬಾರ್ನ್ ಅವರಿಗೆ ಅಲ್ಲಿ ಒಟ್ಟೊ ಸ್ಟರ್ನ್ ಸಹಾಯಕರಾಗಿದ್ದರು. ಯುದ್ಧಾನಂತರದ ಹಣದುಬ್ಬರದಲ್ಲಿ ಪ್ರಯೋಗಾಲಯ ನಡೆಸಲು ಹಣವಿರಲಿಲ್ಲ. ಸಾಪೇಕ್ಷತಾ ಸಿದ್ಧಾಂತದ ಬಗ್ಗೆ ಜನರಿಗಿದ್ದ ಕುತೂಹಲವನ್ನು ಕಂಡ ಬಾರ್ನ್, ಪ್ರವೇಶಧನವಿಟ್ಟು ಸಾರ್ವಜನಿಕ ಉಪನ್ಯಾಸಗಳನ್ನು ಏರ್ಪಡಿಸಿ ಬಂದ ಹಣವನ್ನು ಪ್ರಯೋಗಗಳಿಗೆ ನೀಡಿದರು. ಪರಮಾಣುಗಳ ಕಾಂತೀಯ ದಿಕ್ಕು ಕ್ವಾಂಟಮ್ ನಿಯಮಕ್ಕೆ ಒಳಪಟ್ಟಿದೆ ಎಂದು 1922ರಲ್ಲಿ ತೋರಿಸಿದ ಸ್ಟರ್ನ್–ಗೆರ್ಲಾಕ್ ಪ್ರಯೋಗಕ್ಕೆ ಈ ನೆರವು ಒದಗಿತು.

ಗೊಟಿಂಗೆನ್ ಮತ್ತು ಕ್ವಾಂಟಮ್ ಮೆಕಾನಿಕ್ಸ್

1921ರಲ್ಲಿ ಬಾರ್ನ್ ಗೊಟಿಂಗೆನ್‌ನ ಸೈದ್ಧಾಂತಿಕ ಭೌತವಿಜ್ಞಾನ ಪೀಠಕ್ಕೆ ಬಂದರು. ಗೆಳೆಯ ಜೇಮ್ಸ್ ಫ್ರಾಂಕ್ ಅವರಿಗೆ ಪ್ರಾಯೋಗಿಕ ವಿಭಾಗದಲ್ಲಿ ಪ್ರಾಧ್ಯಾಪಕ ಹುದ್ದೆ ದೊರೆಯುವಂತೆಯೂ ನೋಡಿಕೊಂಡರು. ಮುಂದಿನ ಹನ್ನೆರಡು ವರ್ಷ ಗೊಟಿಂಗೆನ್, ಕೋಪನ್‌ಹೇಗನ್ ಮತ್ತು ಮ್ಯೂನಿಕ್ ನಗರಗಳ ಸಾಲಿನಲ್ಲಿ ನಿಂತು ಹೊಸ ಭೌತವಿಜ್ಞಾನದ ತೊಟ್ಟಿಲಾಯಿತು. ವೋಲ್ಫ್‌ಗಾಂಗ್ ಪೌಲಿ ಮತ್ತು ವರ್ನರ್ ಹೈಸೆನ್‌ಬರ್ಗ್ ಬಾರ್ನ್ ಅವರ ಸಹಾಯಕರಾಗಿದ್ದರು. ಮಾರಿಯಾ ಗೊಪರ್ಟ್, ಮ್ಯಾಕ್ಸ್ ಡೆಲ್‌ಬ್ರುಕ್, ರಾಬರ್ಟ್ ಓಪನ್‌ಹೈಮರ್ ಮತ್ತು ವಿಕ್ಟರ್ ವೈಸ್‌ಕಾಫ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದವರು. ಎನ್ರಿಕೊ ಫರ್ಮಿ 1923ರಲ್ಲಿ ಕೆಲವು ತಿಂಗಳು ಇಲ್ಲಿದ್ದರು. ಕ್ವಾಂಟಮ್ ಮೆಕಾನಿಕ್ಸ್ ಎಂಬ ಹೆಸರನ್ನು ಬಾರ್ನ್ ತಮ್ಮ 1924ರ ಲೇಖನವೊಂದಕ್ಕೆ ಶೀರ್ಷಿಕೆಯಾಗಿ ಬಳಸಿ ಚಾಲ್ತಿಗೆ ತಂದರು. ಆಗ ಹೆಸರಿತ್ತು, ಸಿದ್ಧಾಂತ ಇನ್ನೂ ಇರಲಿಲ್ಲ.

ಮಾತೃಕಾ ಮೆಕಾನಿಕ್ಸ್

1925ರ ಬೇಸಿಗೆಯಲ್ಲಿ ಹೈಸೆನ್‌ಬರ್ಗ್ ತಾವು ಬರೆದ ಲೇಖನವೊಂದನ್ನು ಬಾರ್ನ್ ಅವರ ಕೈಗಿತ್ತು, ಪ್ರಕಟಣೆಗೆ ಯೋಗ್ಯವೇ ಎಂದು ನೋಡುವಂತೆ ಕೋರಿದರು. ಪರಮಾಣುವಿನೊಳಗೆ ಎಲೆಕ್ಟ್ರಾನ್ ಸಾಗುವ ಪಥವನ್ನು ಯಾರೂ ಕಾಣಲಾರರು. ಆದುದರಿಂದ ಪಥದ ಮಾತನ್ನು ಕೈಬಿಟ್ಟು, ಅಳೆಯಬಲ್ಲ ರೋಹಿತರೇಖೆಗಳ ಆವರ್ತ ಮತ್ತು ತೀವ್ರತೆಗಳನ್ನಷ್ಟೇ ಕೋಷ್ಟಕಗಳಲ್ಲಿ ಜೋಡಿಸಿ ಗಣಿಸಬೇಕು ಎಂಬುದು ಆ ಲೇಖನದ ಸಾರ. ಈ ಕೋಷ್ಟಕಗಳನ್ನು ಗುಣಿಸುವಾಗ ಒಂದು ವಿಚಿತ್ರ ಕಾಣಿಸಿಕೊಂಡಿತು. ಸಾಮಾನ್ಯ ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಗುಣಿಸಿದರೂ ಗುಣಲಬ್ಧ ಒಂದೇ. ಇಲ್ಲಿ ಮಾತ್ರ ಕ್ರಮ ಬದಲಾದರೆ ಉತ್ತರವೂ ಬದಲಾಗುತ್ತಿತ್ತು. ಹೈಸೆನ್‌ಬರ್ಗ್ ಅವರಿಗೆ ಇದು ತೊಡಕಾಗಿ ತೋರಿತ್ತು.

ಬಾರ್ನ್ ಲೇಖನವನ್ನು ಪ್ರಕಟಣೆಗೆ ಕಳುಹಿಸಿ, ಈ ಗುಣಾಕಾರದ ಕುರಿತು ಹಲವು ದಿನ ಚಿಂತಿಸಿದರು. ಕೊನೆಗೆ ಅದು ಬ್ರೆಸ್ಲಾವ್‌ನಲ್ಲಿ ರೋಸಾನೆಸ್ ಕಲಿಸಿದ್ದ ಮಾತೃಕೆಗಳ ಗುಣಾಕಾರವೇ ಎಂದು ಗುರುತಿಸಿದರು. ಸ್ಥಾನ ಮತ್ತು ಸಂವೇಗಗಳನ್ನು ಪ್ರತಿನಿಧಿಸುವ ಮಾತೃಕೆಗಳನ್ನು ಎರಡು ಕ್ರಮಗಳಲ್ಲಿ ಗುಣಿಸಿದಾಗ ಬರುವ ವ್ಯತ್ಯಾಸ ಶೂನ್ಯವಲ್ಲ, ಅದು ಪ್ಲಾಂಕ್ ಸ್ಥಿರಾಂಕವನ್ನು ಅವಲಂಬಿಸಿದ ನಿಶ್ಚಿತ ಪರಿಮಾಣ ಎಂಬ ಸಂಬಂಧವನ್ನು ಊಹಿಸಿದರು. ಇದನ್ನು ಬೆಳೆಸಲು ನೆರವಾಗುವಂತೆ ಮೊದಲು ಪೌಲಿ ಅವರನ್ನು ಕೇಳಿದಾಗ ಅವರು ನಿರಾಕರಿಸಿದರು. ಯುವ ಗಣಿತಜ್ಞ ಪಾಸ್ಕುವಲ್ ಯೋರ್ಡಾನ್ ಒಪ್ಪಿಕೊಂಡರು. ಬಾರ್ನ್ ಮತ್ತು ಯೋರ್ಡಾನ್ ಅವರ ಲೇಖನ 1925ರ ಸೆಪ್ಟೆಂಬರ್‌ನಲ್ಲಿಯೂ, ಹೈಸೆನ್‌ಬರ್ಗ್ ಅವರೂ ಸೇರಿ ಮೂವರು ಬರೆದ ಲೇಖನ ನವೆಂಬರ್‌ನಲ್ಲಿಯೂ ಪತ್ರಿಕೆಗೆ ಸಂದವು. ಕ್ವಾಂಟಮ್ ಮೆಕಾನಿಕ್ಸ್ ಮೊದಲ ಬಾರಿಗೆ ಪೂರ್ಣ ಗಣಿತರೂಪವನ್ನು ತಳೆದದ್ದು ಈ ಲೇಖನಗಳಲ್ಲಿ.

ಸಂಭವನೀಯತೆಯ ವ್ಯಾಖ್ಯಾನ

1926ರ ಆರಂಭದಲ್ಲಿ ಎರ್ವಿನ್ ಶ್ರೋಡಿಂಜರ್ ಬೇರೊಂದು ದಾರಿಯಿಂದ ತರಂಗ ಸಮೀಕರಣವನ್ನು ಮಂಡಿಸಿದರು. ಗಣಿತದ ದೃಷ್ಟಿಯಿಂದ ಎರಡೂ ಸಿದ್ಧಾಂತಗಳು ಸಮಾನವೆಂದು ಬೇಗನೆ ತಿಳಿದುಬಂದಿತು. ಆದರೆ ಸಮೀಕರಣದಲ್ಲಿ ಬರುವ ತರಂಗ ಫಲನದ ಅರ್ಥವೇನು ಎಂಬುದು ಬಗೆಹರಿಯಲಿಲ್ಲ. ಎಲೆಕ್ಟ್ರಾನ್ ಒಂದು ಕಣವಲ್ಲ, ಆಕಾಶದಲ್ಲಿ ಹರಡಿಕೊಂಡ ವಿದ್ಯುದಂಶ ಎಂಬುದು ಶ್ರೋಡಿಂಜರ್ ಅವರ ಒಲವಾಗಿತ್ತು. ಬಾರ್ನ್ ಇದನ್ನು ಒಪ್ಪಲಿಲ್ಲ. ಜೇಮ್ಸ್ ಫ್ರಾಂಕ್ ಅವರ ಪ್ರಯೋಗಾಲಯದಲ್ಲಿ ಎಲೆಕ್ಟ್ರಾನ್‌ಗಳು ಪರಮಾಣುಗಳಿಗೆ ಡಿಕ್ಕಿ ಹೊಡೆಯುವುದನ್ನು ದಿನವೂ ಅಭ್ಯಸಿಸಲಾಗುತ್ತಿತ್ತು. ಅಲ್ಲಿ ಎಲೆಕ್ಟ್ರಾನ್ ಸದಾ ಒಂದು ಇಡೀ ಕಣವಾಗಿಯೇ ಒದಗುತ್ತಿತ್ತು.

1926ರ ಜೂನ್‌ನಲ್ಲಿ ಬಾರ್ನ್ ಡಿಕ್ಕಿಯ ಸಮಸ್ಯೆಗೆ ಶ್ರೋಡಿಂಜರ್ ಸಮೀಕರಣವನ್ನು ಅನ್ವಯಿಸಿದರು. ಡಿಕ್ಕಿಯ ಅನಂತರ ತರಂಗ ಎಲ್ಲ ದಿಕ್ಕುಗಳಿಗೂ ಚದರುತ್ತದೆ, ಆದರೆ ಎಲೆಕ್ಟ್ರಾನ್ ಯಾವುದೋ ಒಂದು ದಿಕ್ಕಿನಲ್ಲಿ ಮಾತ್ರ ಸಿಗುತ್ತದೆ. ಆದುದರಿಂದ ತರಂಗವು ಕಣವಲ್ಲ, ಕಣ ಎಲ್ಲಿ ಸಿಗಬಹುದು ಎಂಬುದರ ಸಂಭವನೀಯತೆಯ ಸೂಚಕ ಎಂದು ಅವರು ನಿರ್ಣಯಿಸಿದರು. ಸಂಭವನೀಯತೆಯು ತರಂಗ ಫಲನದ ಪರಿಮಾಣಕ್ಕಲ್ಲ, ಅದರ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬ ತಿದ್ದುಪಡಿ ಆ ಲೇಖನದ ಕರಡು ತಿದ್ದುವಾಗ ಅಡಿಟಿಪ್ಪಣಿಯಾಗಿ ಸೇರಿತು. ಭೌತವಿಜ್ಞಾನದ ಅತಿ ಮುಖ್ಯ ನಿಯಮಗಳಲ್ಲಿ ಒಂದು ಹೀಗೆ ಪುಟದ ಅಡಿಯಲ್ಲಿ ಮೊದಲು ಕಾಣಿಸಿಕೊಂಡಿತು.

ನ್ಯೂಟನ್ ಕಾಲದಿಂದ ಭೌತವಿಜ್ಞಾನ ನಂಬಿದ್ದ ಕಾರ್ಯಕಾರಣ ಭಾವಕ್ಕೆ ಇದು ದೊಡ್ಡ ಪೆಟ್ಟು ನೀಡಿತು. ಒಂದು ಕಣದ ಈಗಿನ ಸ್ಥಿತಿಯನ್ನು ಎಷ್ಟು ಪೂರ್ಣವಾಗಿ ತಿಳಿದಿದ್ದರೂ ಮುಂದಿನ ಅಳತೆಯ ಫಲಿತಾಂಶವನ್ನು ಖಚಿತವಾಗಿ ಹೇಳಲಾಗದು. ಹೇಳಬಹುದಾದದ್ದು ವಿವಿಧ ಫಲಿತಾಂಶಗಳ ಸಂಭವನೀಯತೆ ಮಾತ್ರ. ಐನ್‌ಸ್ಟೈನ್ ಇದನ್ನು ಕೊನೆಯವರೆಗೂ ಅಂತಿಮ ಸತ್ಯವೆಂದು ಒಪ್ಪಲಿಲ್ಲ. ದೇವರು ಮತ್ತು ದಾಳವನ್ನು ಕುರಿತ ಅವರ ಪ್ರಸಿದ್ಧ ಮಾತಿನ ಮೂಲ 1926ರ ಡಿಸೆಂಬರ್‌ನಲ್ಲಿ ಅವರು ಬಾರ್ನ್ ಅವರಿಗೆ ಬರೆದ ಪತ್ರ. ಈ ಭಿನ್ನಾಭಿಪ್ರಾಯ ಸುಮಾರು ಮೂರು ದಶಕ ಮುಂದುವರಿದರೂ ಇಬ್ಬರ ಸ್ನೇಹ ಉಳಿಯಿತು.

ದೇಶತ್ಯಾಗ

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದು, ಯಹೂದಿ ಮೂಲದವರನ್ನು ಸರ್ಕಾರಿ ಹುದ್ದೆಗಳಿಂದ ಹೊರಹಾಕುವ ಕಾನೂನನ್ನು ಜಾರಿಗೊಳಿಸಿದರು. ಬಾರ್ನ್ 1914ರಲ್ಲಿಯೇ ಕ್ರೈಸ್ತಧರ್ಮಕ್ಕೆ ಸೇರಿದ್ದರು. ಆದರೂ ಮೂಲವನ್ನು ನೋಡುತ್ತಿದ್ದ ಆ ಕಾನೂನಿನಡಿ ಏಪ್ರಿಲ್‌ನಲ್ಲಿ ಅವರನ್ನು ಅಮಾನತುಗೊಳಿಸಲಾಯಿತು. ಹನ್ನೆರಡು ವರ್ಷ ಕಟ್ಟಿ ಬೆಳೆಸಿದ ಸಂಸ್ಥೆ ಕೆಲವೇ ವಾರಗಳಲ್ಲಿ ಚದರಿಹೋಯಿತು. ಕುಟುಂಬ ಮೊದಲು ಇಟಲಿಯ ದಕ್ಷಿಣ ಟಿರೋಲ್‌ಗೆ, ಅಲ್ಲಿಂದ ಇಂಗ್ಲೆಂಡಿಗೆ ತೆರಳಿತು. ಕೇಂಬ್ರಿಜ್‌ನಲ್ಲಿ ಬಾರ್ನ್ ಅವರಿಗೆ ತಾತ್ಕಾಲಿಕ ಉಪನ್ಯಾಸಕ ಹುದ್ದೆ ದೊರೆಯಿತು. ಅಲ್ಲಿ ಲಿಯೊಪೋಲ್ಡ್ ಇನ್‌ಫೆಲ್ಡ್ ಅವರೊಡನೆ ವಿದ್ಯುತ್‌ಕಾಂತ ಕ್ಷೇತ್ರದ ಹೊಸ ಸಿದ್ಧಾಂತವೊಂದನ್ನು ರೂಪಿಸಿದರು.

ಇದೇ ವರ್ಷ, 1932ರ ಸಾಲಿನ ನೊಬೆಲ್ ಪ್ರಶಸ್ತಿಯನ್ನು ಹೈಸೆನ್‌ಬರ್ಗ್ ಒಬ್ಬರಿಗೇ ಘೋಷಿಸಲಾಯಿತು. ಮೂವರು ಕೂಡಿ ಮಾಡಿದ ಕೆಲಸಕ್ಕೆ ತಾವೊಬ್ಬರೇ ಗೌರವ ಪಡೆದುದಕ್ಕಾಗಿ ಹೈಸೆನ್‌ಬರ್ಗ್ ಸಂಕೋಚಪಟ್ಟು ಬಾರ್ನ್ ಅವರಿಗೆ ಪತ್ರ ಬರೆದರು. ದೇಶ ಮತ್ತು ಹುದ್ದೆ ಎರಡನ್ನೂ ಕಳೆದುಕೊಂಡಿದ್ದ ಬಾರ್ನ್ ಅವರ ಮನಸ್ಸಿನಲ್ಲಿ ಈ ಕಡೆಗಣನೆಯ ನೋವು ಬಹುಕಾಲ ಉಳಿಯಿತು.

ಬೆಂಗಳೂರಿನಲ್ಲಿ

ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ರಾಮನ್, ಜರ್ಮನಿಯಿಂದ ಹೊರದೂಡಲ್ಪಟ್ಟ ಶ್ರೇಷ್ಠ ವಿಜ್ಞಾನಿಗಳನ್ನು ಸಂಸ್ಥೆಗೆ ಕರೆತರಲು ಯತ್ನಿಸುತ್ತಿದ್ದರು. ಅವರ ಆಹ್ವಾನವನ್ನು ಒಪ್ಪಿದ ಬಾರ್ನ್ 1935ರ ಕೊನೆಯಲ್ಲಿ ಪತ್ನಿಯೊಡನೆ ಬೆಂಗಳೂರಿಗೆ ಬಂದು ಸುಮಾರು ಆರು ತಿಂಗಳು ಇದ್ದರು. ಸೈದ್ಧಾಂತಿಕ ಭೌತವಿಜ್ಞಾನದ ಉಪನ್ಯಾಸಗಳನ್ನು ನೀಡಿದರು. ಶಬ್ದಾತೀತ ತರಂಗಗಳಿಂದ ಬೆಳಕು ವಿವರ್ತನೆ ಹೊಂದುವ ಬಗೆಯನ್ನು ರಾಮನ್ ಅವರೊಡನೆ ವಿವರಿಸಿದ್ದ ಎನ್. ಎಸ್. ನಾಗೇಂದ್ರನಾಥ್, ಬಾರ್ನ್ ಅವರೊಡನೆಯೂ ಕೆಲಸ ಮಾಡಿದರು. ಇಬ್ಬರೂ ಕೂಡಿ ಬರೆದ ಲೇಖನ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ 1936ರಲ್ಲಿ ಪ್ರಕಟವಾಯಿತು.

ಬಾರ್ನ್ ಅವರಿಗಾಗಿ ಕಾಯಂ ಪ್ರಾಧ್ಯಾಪಕ ಹುದ್ದೆಯನ್ನು ಸೃಷ್ಟಿಸಲು ರಾಮನ್ ಬಯಸಿದರು. ಈ ಸಂಬಂಧ ನಡೆದ ಸಭೆಯಲ್ಲಿ ಇಂಗ್ಲೆಂಡ್ ಮೂಲದ ಪ್ರಾಧ್ಯಾಪಕರೊಬ್ಬರು, ಸ್ವದೇಶದಿಂದ ಹೊರಹಾಕಲ್ಪಟ್ಟ ಎರಡನೆಯ ದರ್ಜೆಯ ವಿದೇಶಿಯೊಬ್ಬರು ಸಂಸ್ಥೆಗೆ ತಕ್ಕವರಲ್ಲ ಎಂಬ ಅರ್ಥದಲ್ಲಿ ಬಾರ್ನ್ ಅವರ ಎದುರಿನಲ್ಲಿಯೇ ಮಾತನಾಡಿದರು. ಇದರಿಂದ ತಾವು ತೀವ್ರವಾಗಿ ನೊಂದುದನ್ನು ಬಾರ್ನ್ ಮುಂದೆ ತಮ್ಮ ಬರಹಗಳಲ್ಲಿ ದಾಖಲಿಸಿದ್ದಾರೆ. ಹುದ್ದೆ ಕೈಗೂಡಲಿಲ್ಲ. 1937ರಲ್ಲಿ ರಾಮನ್ ಅವರೇ ನಿರ್ದೇಶಕ ಸ್ಥಾನವನ್ನು ಬಿಡಬೇಕಾಯಿತು. 1940ರ ದಶಕದಲ್ಲಿ ಸ್ಫಟಿಕಗಳ ಕಂಪನವನ್ನು ಕುರಿತು ರಾಮನ್ ಮಂಡಿಸಿದ ಬೇರೆ ಸಿದ್ಧಾಂತವನ್ನು ಬಾರ್ನ್ ವಿರೋಧಿಸಿದ್ದರಿಂದ ಇಬ್ಬರ ನಡುವೆ ಕಹಿ ಉಂಟಾಯಿತು. ಈ ವಿವಾದದಲ್ಲಿ ಭೌತವಿಜ್ಞಾನಿಗಳು ಕೊನೆಗೆ ಒಪ್ಪಿದ್ದು ಬಾರ್ನ್ ಅವರ ಸಿದ್ಧಾಂತವನ್ನು.

ಎಡಿನ್‌ಬರೊ ವರ್ಷಗಳು

1936ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯ ಬಾರ್ನ್ ಅವರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಿತು. 1939ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಅದೇ ವರ್ಷದ ಆಗಸ್ಟ್ 31ರಂದು, ಎರಡನೆಯ ಮಹಾಯುದ್ಧ ಆರಂಭವಾಗುವ ಹಿಂದಿನ ದಿನ, ಅವರು ಬ್ರಿಟಿಷ್ ಪ್ರಜೆಯಾದರು. ಚೀನಾದ ಕುನ್ ಹ್ವಾಂಗ್ ಅವರೊಡನೆ ಸ್ಫಟಿಕ ಜಾಲಕಗಳ ಚಲನಶಾಸ್ತ್ರವನ್ನು ಕುರಿತೂ, ಎಮಿಲ್ ವೋಲ್ಫ್ ಅವರೊಡನೆ ದ್ಯುತಿವಿಜ್ಞಾನವನ್ನು ಕುರಿತೂ ಬರೆದ ಗ್ರಂಥಗಳು ಇಲ್ಲಿನ ಸಹಯೋಗದ ಫಲ. ಅವು 1954 ಮತ್ತು 1959ರಲ್ಲಿ ಪ್ರಕಟವಾಗಿ ಇಂದಿಗೂ ಆಕರಗ್ರಂಥಗಳಾಗಿ ಉಳಿದಿವೆ.

ಪರಮಾಣು ಬಾಂಬಿನ ಕೆಲಸದಲ್ಲಿ ಬಾರ್ನ್ ಭಾಗವಹಿಸಲಿಲ್ಲ. ಆದರೆ ಓಪನ್‌ಹೈಮರ್, ವೈಸ್‌ಕಾಫ್, ಎಡ್ವರ್ಡ್ ಟೆಲ್ಲರ್ ಮುಂತಾಗಿ ಅವರ ಶಿಷ್ಯರು ಮತ್ತು ಸಹಾಯಕರು ಹಲವರು ಅದರಲ್ಲಿ ತೊಡಗಿದರು. ಎಡಿನ್‌ಬರೊದಲ್ಲಿ ಅವರ ಸಹಾಯಕರಾಗಿದ್ದ ಕ್ಲಾಸ್ ಫುಕ್ಸ್ ಬಾಂಬಿನ ರಹಸ್ಯಗಳನ್ನು ಸೋವಿಯತ್ ಒಕ್ಕೂಟಕ್ಕೆ ನೀಡಿದ್ದಕ್ಕಾಗಿ 1950ರಲ್ಲಿ ಶಿಕ್ಷೆಗೆ ಗುರಿಯಾದರು.

ನೊಬೆಲ್ ಪ್ರಶಸ್ತಿ ಮತ್ತು ಶಾಂತಿಯ ಪ್ರಯತ್ನ

ನಿವೃತ್ತಿಯ ಅನಂತರ 1954ರಲ್ಲಿ ಬಾರ್ನ್ ದಂಪತಿ ಪಶ್ಚಿಮ ಜರ್ಮನಿಯ ಬಾಡ್ ಪಿರ್ಮಾಂಟ್ ಪಟ್ಟಣದಲ್ಲಿ ನೆಲೆಸಿದರು. ಯಹೂದಿಗಳ ಹತ್ಯಾಕಾಂಡ ನಡೆಸಿದ ದೇಶಕ್ಕೆ ಗೆಳೆಯ ಮರಳಿದ್ದು ಐನ್‌ಸ್ಟೈನ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ತರಂಗ ಫಲನದ ಸಂಭವನೀಯತಾ ವ್ಯಾಖ್ಯಾನಕ್ಕಾಗಿ ಬಾರ್ನ್ ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಪ್ರಶಸ್ತಿಯ ಇನ್ನರ್ಧ ವಾಲ್ಟರ್ ಬೋಥೆ ಅವರಿಗೆ ಸಂದಿತು.

ಈ ಗೌರವದಿಂದ ದೊರೆತ ಪ್ರಭಾವವನ್ನು ಅವರು ಅಣ್ವಸ್ತ್ರಗಳ ವಿರುದ್ಧ ಬಳಸಿದರು. 1955ರ ರಸೆಲ್–ಐನ್‌ಸ್ಟೈನ್ ಪ್ರಣಾಳಿಕೆಗೆ ಸಹಿ ಹಾಕಿದ ಹನ್ನೊಂದು ಮಂದಿಯಲ್ಲಿ ಅವರೂ ಒಬ್ಬರು. ಅದೇ ವರ್ಷ ಒಟ್ಟೊ ಹಾನ್ ಅವರೊಡನೆ ಸೇರಿ ನೊಬೆಲ್ ಪುರಸ್ಕೃತರ ಮೈನಾವ್ ಘೋಷಣೆಗೆ ಕಾರಣರಾದರು. ಪಶ್ಚಿಮ ಜರ್ಮನಿಯ ಸೇನೆ ಅಣ್ವಸ್ತ್ರ ಹೊಂದುವುದನ್ನು ವಿರೋಧಿಸಿ 1957ರಲ್ಲಿ ಹೇಳಿಕೆ ನೀಡಿದ ಹದಿನೆಂಟು ವಿಜ್ಞಾನಿಗಳಲ್ಲಿಯೂ ಅವರಿದ್ದರು. ತನ್ನ ಶೋಧದ ಪರಿಣಾಮಗಳಿಗೆ ವಿಜ್ಞಾನಿಯೂ ಹೊಣೆ ಎಂಬುದು ಅವರ ಕೊನೆಯ ವರ್ಷಗಳ ಬರಹಗಳ ಮುಖ್ಯ ವಿಚಾರ.

ಅನ್ವಯಗಳು

ಬಾರ್ನ್ ಅವರ ಕೊಡುಗೆಗಳು ವಿಜ್ಞಾನದ ಹಲವು ಶಾಖೆಗಳಲ್ಲಿ ನಿತ್ಯಬಳಕೆಯಲ್ಲಿವೆ.

ರಸಾಯನವಿಜ್ಞಾನ: 1927ರಲ್ಲಿ ಓಪನ್‌ಹೈಮರ್ ಅವರೊಡನೆ ಪ್ರಕಟಿಸಿದ ಬಾರ್ನ್–ಓಪನ್‌ಹೈಮರ್ ಸನ್ನಿಹಿತೀಕರಣವು ಅಣುಗಳ ಗಣನೆಗೆ ಬುನಾದಿ. ಅತಿ ಹಗುರವಾದ ಬೀಜಕೇಂದ್ರವಾದ ಪ್ರೋಟಾನ್ ಕೂಡ ಎಲೆಕ್ಟ್ರಾನ್‌ಗಿಂತ ಸುಮಾರು 1836 ಪಟ್ಟು ಭಾರವಾಗಿದೆ. ಆದುದರಿಂದ ಬೀಜಕೇಂದ್ರಗಳು ನಿಂತಲ್ಲೇ ನಿಂತಿವೆ ಎಂದು ಭಾವಿಸಿ ಮೊದಲು ಎಲೆಕ್ಟ್ರಾನ್‌ಗಳ ಚಲನೆಯನ್ನು ಗಣಿಸಿ, ಬಳಿಕ ಬೀಜಕೇಂದ್ರಗಳ ಚಲನೆಯನ್ನು ಗಣಿಸಬಹುದು. ಔಷಧ ಮತ್ತು ಹೊಸ ವಸ್ತುಗಳ ವಿನ್ಯಾಸಕ್ಕೆ ಬಳಸುವ ಕಂಪ್ಯೂಟರ್ ಗಣನೆಗಳು ಬಹುಮಟ್ಟಿಗೆ ಇದನ್ನೇ ಆಧರಿಸಿವೆ.

ಕಣ ಭೌತವಿಜ್ಞಾನ: ಡಿಕ್ಕಿಯನ್ನು ಕುರಿತ 1926ರ ಲೇಖನಗಳಲ್ಲಿ ಬಂದ ಬಾರ್ನ್ ಸನ್ನಿಹಿತೀಕರಣವನ್ನು, ಕಣಗಳ ಚದರುವಿಕೆಯಿಂದ ವಸ್ತುವಿನ ಒಳರಚನೆಯನ್ನು ತಿಳಿಯಲು ಬಳಸುತ್ತಾರೆ.

ಕ್ವಾಂಟಮ್ ಕಂಪ್ಯೂಟರ್: ಸಾಮಾನ್ಯ ಕಂಪ್ಯೂಟರಿನ ಬಿಟ್ 0 ಅಥವಾ 1 ಆಗಿರುತ್ತದೆ. ಕ್ವಾಂಟಮ್ ಬಿಟ್ ಅಥವಾ ಕ್ಯೂಬಿಟ್ ಇವೆರಡರ ಅಧ್ಯಾರೋಪಣೆಯಲ್ಲಿ ಇರಬಲ್ಲದು. ಆದರೆ ಅಳೆದಾಗ ಸಿಗುವುದು ಒಂದೇ ಉತ್ತರ, ಅದರ ಸಂಭವನೀಯತೆಯನ್ನು ನೀಡುವುದು ಬಾರ್ನ್ ನಿಯಮ. ಉದಾಹರಣೆಗೆ, 0 ಮತ್ತು 1ರ ಪಾರಗಳು ಕ್ರಮವಾಗಿ 0.6 ಮತ್ತು 0.8 ಆಗಿದ್ದರೆ ಅವುಗಳ ವರ್ಗಗಳಾದ 0.36 ಮತ್ತು 0.64 ಆಯಾ ಉತ್ತರದ ಸಂಭವನೀಯತೆಗಳು. ಸಾವಿರ ಬಾರಿ ಹೊಸದಾಗಿ ಸಿದ್ಧಪಡಿಸಿ ಅಳೆದರೆ ಸುಮಾರು 640 ಬಾರಿ 1 ದೊರೆಯುತ್ತದೆ. ಕ್ವಾಂಟಮ್ ಗಣನೆಗಳನ್ನು ಸಾಮಾನ್ಯವಾಗಿ ಹಲವು ಬಾರಿ ನಡೆಸುವುದಕ್ಕೂ, ಸರಿಯುತ್ತರದ ಪಾರ ಹಿಗ್ಗಿ ತಪ್ಪುತ್ತರದ ಪಾರ ಕುಗ್ಗುವಂತೆ ಕ್ರಮವಿಧಿಗಳನ್ನು ರಚಿಸುವುದಕ್ಕೂ ಇದೇ ಕಾರಣ. ಅಳತೆಯ ಫಲವನ್ನು ಮುಂಚಿತವಾಗಿ ಹೇಳಲಾಗದು ಎಂಬ ಗುಣವನ್ನೇ ಬಳಸಿ ನಿಜವಾದ ಯಾದೃಚ್ಛಿಕ ಸಂಖ್ಯೆಗಳನ್ನು ಉತ್ಪಾದಿಸುವ ಸಾಧನಗಳನ್ನೂ ರಚಿಸಲಾಗಿದೆ.

ನಿಧನ ಮತ್ತು ಸ್ಮರಣೆ

ಐನ್‌ಸ್ಟೈನ್ ಅವರೊಂದಿಗಿನ ಪತ್ರವ್ಯವಹಾರವನ್ನು ಬಾರ್ನ್ ತಮ್ಮ ಟಿಪ್ಪಣಿಗಳೊಡನೆ 1969ರಲ್ಲಿ ಪ್ರಕಟಿಸಿದರು. 1970ರ ಜನವರಿ 5ರಂದು ಗೊಟಿಂಗೆನ್‌ನಲ್ಲಿ ನಿಧನರಾದರು. ಆಗ ಅವರಿಗೆ 87 ವರ್ಷ ವಯಸ್ಸಾಗಿತ್ತು. ಅವರ ಸಮಾಧಿ ಅದೇ ನಗರದ ಸ್ಮಶಾನದಲ್ಲಿದೆ. ಪ್ಲಾಂಕ್, ಹಿಲ್ಬರ್ಟ್ ಮತ್ತು ಒಟ್ಟೊ ಹಾನ್ ಅವರ ಸಮಾಧಿಗಳೂ ಅಲ್ಲಿಯೇ ಇವೆ. ಬರ್ಲಿನ್‌ನ ಸಂಶೋಧನ ಸಂಸ್ಥೆಯೊಂದಕ್ಕೆ, ಚಂದ್ರನ ಮೇಲಿನ ಕುಳಿಯೊಂದಕ್ಕೆ ಹಾಗೂ ಜರ್ಮನಿ ಮತ್ತು ಬ್ರಿಟನ್ನಿನ ಭೌತವಿಜ್ಞಾನ ಸಂಘಗಳು ಜಂಟಿಯಾಗಿ ನೀಡುವ ಪ್ರಶಸ್ತಿಗೆ ಅವರ ಹೆಸರನ್ನಿಡಲಾಗಿದೆ. ಸ್ಥಾನ ಮತ್ತು ಸಂವೇಗದ ಮಾತೃಕೆಗಳನ್ನು ಕುರಿತು 1925ರಲ್ಲಿ ಅವರು ಕಂಡುಕೊಂಡ ಸಮೀಕರಣವನ್ನು ಅವರ ಸಮಾಧಿಶಿಲೆಯ ಮೇಲೆ ಕೆತ್ತಲಾಗಿದೆ.